ಯಮ ರಜೆ ಹಾಕಿದಾಗ ನಗಬಹುದೇ?

ಪ್ರಶ್ನೆ: ನಾವು ಉಡುಪಿ, ಮಣಿಪಾಲದ ಕೆಲವರು ತಿಂಗಳಿಗೊಮ್ಮೆ ಸೇರಿ ಒಂದು ಪುಸ್ತಕದ ಬಗ್ಗೆ ಮಾತಾಡುತ್ತೇವೆ. ಈ ಸಲ ಇಂಗ್ಲೆಂಡಿನ ಹಾಸ್ಯಲೇಖಕ ಟೆರಿ ಪ್ರ್ಯಾಚೆಟ್ ಅವರ ‘ಮಾರ್ಟ್’ ಓದಿದೆವು. ಸಾವೇ ಒಂದು ಪಾತ್ರವಾಗಿ ಬಂದು ಮಾರ್ಟ್ ಎಂಬ ಹಳ್ಳಿಯ ಹುಡುಗನನ್ನು ಕೆಲಸ ಕಲಿಯಲು ಇಟ್ಟುಕೊಳ್ಳುವ ಹಾಸ್ಯ ಕಾದಂಬರಿ. ಕೊನೆಗೆ ಜಗಳವೇ ಆಯಿತು. ನಮ್ಮಲ್ಲಿರುವ ಇಂಜಿನಿಯರಿಂಗ್ ಹುಡುಗನಿಗೆ ಇದರಷ್ಟು ಒಳ್ಳೆಯ ಪುಸ್ತಕ ಇನ್ನೊಂದಿಲ್ಲ. ನಿವೃತ್ತ ಟೀಚರೊಬ್ಬರು ‘ಸಾವನ್ನು ಹೀಗೆ ತಮಾಷೆ ಮಾಡುವುದು ನಮ್ಮ ಸಂಸ್ಕೃತಿಯಲ್ಲ’ ಎಂದುಬಿಟ್ಟರು. ನನಗೆ ಮುಕ್ಕಾಲು ಪಾಲು ಖುಷಿ ಕೊಟ್ಟಿತು, ಮುಕ್ತಾಯ ಮಾತ್ರ ಅವಸರದ್ದು ಅನಿಸಿತು. ಇನ್ನೊಬ್ಬರು ಕಳೆದ ಮಳೆಗಾಲದಲ್ಲಿ ತಾಯಿಯನ್ನು ಕಳೆದುಕೊಂಡವರು. ಅರ್ಧಕ್ಕೇ ನಿಲ್ಲಿಸಿದ್ದಾರೆ. ಓದುತ್ತಾ ನಕ್ಕದ್ದಕ್ಕೆ ಆಮೇಲೆ ಬೇಸರವಾಯಿತಂತೆ. ಇದರಲ್ಲಿ ಯಾರು ಸರಿ? ಇದೇ ಲೇಖಕರದ್ದು ಮುಂದೆ ಓದಬಹುದೋ, ಬಿಡಬೇಕೋ?
ಓದುಗರು, ಉಡುಪಿ

ಉತ್ತರ: ಟೀಚರು ಹೇಳಿದ ಮಾತಿನಿಂದಲೇ ಶುರು ಮಾಡುತ್ತೇನೆ. ನಿಮ್ಮ ಜಗಳದ ಬೇರು ಅಲ್ಲೇ ಉಂಟು.

ಸಾವನ್ನು ತಮಾಷೆ ಮಾಡಿದ್ದಾರೆ ಎಂಬುದು ಅವರ ದೂರು. ಈ ಕಾದಂಬರಿಯಲ್ಲಿ ನಗೆಗೆ ಈಡಾಗುವವರು ಯಾರು ಎಂದು ಒಮ್ಮೆ ಪುಟ ತಿರುವಿ ನೋಡಲು ಹೇಳಿ. ಮಗ ಹೊಲದ ಕೆಲಸಕ್ಕೆ ಆಗಿಬರುವುದಿಲ್ಲವೆಂದು ಅಪ್ಪ ಅವನನ್ನು ಆಳು ಗೊತ್ತುಮಾಡುವ ಸಂತೆಗೆ ಕರೆತಂದು ನಿಲ್ಲಿಸುತ್ತಾನೆ. ಮಧ್ಯರಾತ್ರಿಯಾದರೂ ಹುಡುಗನನ್ನು ಕೇಳುವವರಿಲ್ಲ. ಕೊನೆಗೆ ಬಿಳಿ ಕುದುರೆ ಏರಿ ಬಂದ ಅಸ್ಥಿಪಂಜರವೊಂದು ಅವನನ್ನು ಒಪ್ಪಿಕೊಳ್ಳುತ್ತದೆ. ಅಪ್ಪನ ಕಣ್ಣಿಗೆ ಮಾತ್ರ ಎದುರಿಗಿರುವವನು ಶವಸಂಸ್ಕಾರದ ಕಸುಬಿನವನು. ಕೈತುಂಬ ಕೆಲಸವಿರುವ ಕಸುಬು ಸಿಕ್ಕಿತಲ್ಲ ಎಂದು ಸಮಾಧಾನ. ಮುಂದೆ ಸಿಂಹಾಸನದ ಆಸೆಗೆ ಕೊಲೆ ಮಾಡಿಸುವ ಡ್ಯೂಕ್ ಬರುತ್ತಾನೆ, ಬುದ್ಧಿಗಿಂತ ಹೊಟ್ಟೆಯ ಕಡೆ ಗಮನವಿರುವ ಮಾಂತ್ರಿಕ ಬರುತ್ತಾನೆ. ನಗಿಸುವವರು ಇವರೆಲ್ಲ. ಆ ಅಸ್ಥಿಪಂಜರವೇ ಡೆತ್, ಅಂದರೆ ಸಾವು; ಆ ಪಾತ್ರ ಇವರ ನಡುವೆ ಶುದ್ಧ ಗಂಭೀರ. ಹೊತ್ತಿಗೆ ಸರಿಯಾಗಿ ಬರುತ್ತಾನೆ, ಕೆಲಸ ಮುಗಿಸುತ್ತಾನೆ, ಹೋಗುತ್ತಾನೆ. ಯಾರ ಮೇಲೂ ಹಗೆಯಿಲ್ಲ, ಯಾರಿಗೂ ರಿಯಾಯಿತಿ ಇಲ್ಲ. ರಾಜಮನೆತನದವರಿಗೆ ಖಡ್ಗ, ಉಳಿದವರಿಗೆ ಪೈರು ಕೊಯ್ಯುವ ಉದ್ದ ಹಿಡಿಯ ಕುಡುಗೋಲು ಎಂಬ ಶಿಷ್ಟಾಚಾರವನ್ನೂ ತಪ್ಪಿಸುವುದಿಲ್ಲ. ಚೀಲದಲ್ಲಿ ಕಟ್ಟಿ ನೀರಿಗೆ ಹಾಕಿದ ಬೆಕ್ಕಿನ ಮರಿಗಳ ಮುಂದೆ ನಿಂತಾಗ ಮಾತ್ರ ಅವನಿಗೆ ಬೇಸರವಾದದ್ದು ಓದುವವರಿಗೆ ಗೊತ್ತಾಗುತ್ತದೆ.

ಅಂದರೆ ಪ್ರ್ಯಾಚೆಟ್ ಸಾವನ್ನು ಗೇಲಿ ಮಾಡಿಲ್ಲ. ಸಾವನ್ನು ಗಂಭೀರವಾಗಿ ನಿಲ್ಲಿಸಿ, ಅದರ ಎದುರು ನಾವು ಆಡುವ ಆಟವನ್ನು ನೋಡಿ ನಕ್ಕಿದ್ದಾರೆ. ಈ ಏರ್ಪಾಟು ಕರಾವಳಿಯವರಿಗೆ ಹೊಸದಾಗಬಾರದು. ಯಮಲೋಕ ರಂಗಕ್ಕೆ ಬರುವ ಯಕ್ಷಗಾನ ಪ್ರಸಂಗಗಳನ್ನು ನೆನಪಿಸಿಕೊಳ್ಳಿ. ಅಲ್ಲಿ ನಗಿಸುವ ಹೊಣೆ ಸಾಮಾನ್ಯವಾಗಿ ದೂತರದ್ದು. ದೂತನ ವೇಷ ಹಾಸ್ಯಗಾರನ ಪಾಲಿಗೆ ಬರುವುದು ವಾಡಿಕೆ. ಯಮಧರ್ಮ ತೂಕದಲ್ಲಿ ನಿಂತಷ್ಟೂ ದೂತನ ಒಂದೊಂದು ಮಾತಿಗೂ ಸಭೆ ನಗುತ್ತದೆ; ಯಮನೇ ಹಾಸ್ಯಕ್ಕಿಳಿದರೆ ಇಬ್ಬರ ವೇಷವೂ ಕೆಡುತ್ತದೆ. ‘ಮಾರ್ಟ್’ ಕಾದಂಬರಿ ನಿಂತಿರುವುದು ಇದೇ ಲೆಕ್ಕದ ಮೇಲೆ. ಡೆತ್‌ನ ಕುದುರೆಲಾಯದಲ್ಲಿ ಲದ್ದಿ ಬಾಚುವುದರಿಂದ ಕೆಲಸ ಶುರು ಮಾಡುವ ಆ ಹುಡುಗ, ನಮ್ಮ ಲೆಕ್ಕದಲ್ಲಿ, ತರಬೇತಿಗೆ ಬಂದ ಯಮದೂತ.

‘ನಮ್ಮ ಸಂಸ್ಕೃತಿಯಲ್ಲ’ ಎಂಬ ಮಾತು ನನಗೆ ಇನ್ನೊಂದು ಕಾರಣಕ್ಕೂ ಒಪ್ಪಿಗೆಯಿಲ್ಲ. ಸಾವಿನ ಅಧಿಕಾರಿಗೆ ಸಂಕಟ, ತಪ್ಪು, ರಜೆ, ಶಿಕ್ಷೆ ಎಲ್ಲವನ್ನೂ ಮಹಾಭಾರತ ಎಂದೋ ಕೊಟ್ಟು ಮುಗಿಸಿದೆ. ಟೀಚರಿಗೆ ಆದಿಪರ್ವದ ಆಣಿಮಾಂಡವ್ಯನ ಕತೆ ಗೊತ್ತೇ ಇರುತ್ತದೆ. ಚಿಕ್ಕಂದಿನಲ್ಲಿ ಹುಳಗಳಿಗೆ ಹುಲ್ಲುಕಡ್ಡಿ ಚುಚ್ಚಿದ್ದಕ್ಕೆ ಋಷಿಯೊಬ್ಬ ಶೂಲಕ್ಕೇರಬೇಕಾಯಿತು ಎಂದು ಯಮ ಲೆಕ್ಕ ಒಪ್ಪಿಸುತ್ತಾನೆ. ಇಷ್ಟು ಸಣ್ಣ ತಪ್ಪಿಗೆ ಇಷ್ಟು ದೊಡ್ಡ ಶಿಕ್ಷೆಯೇ ಎಂದು ಮಾಂಡವ್ಯ ಸಿಟ್ಟಾಗಿ, ಹದಿನಾಲ್ಕು ವರ್ಷದ ತನಕ ಮಾಡಿದ್ದು ಪಾಪವಲ್ಲ ಎಂದು ಹೊಸ ಕಾನೂನನ್ನೇ ಮಾಡುತ್ತಾನೆ. ಜೊತೆಗೆ ಯಮನಿಗೆ ಭೂಮಿಯಲ್ಲಿ ಹುಟ್ಟುವ ಶಾಪ. ಹಾಗೆ ಹುಟ್ಟಿದವನೇ ವಿದುರ. ಕುರುಸಭೆಯಲ್ಲಿ ಯಾರೂ ಕೇಳದ ಬುದ್ಧಿಮಾತು ಹೇಳುತ್ತಾ ಕೂತಿದ್ದವನು ಹಿಂದೆ ಸಾವಿನ ಒಡೆಯನಾಗಿದ್ದ ಎಂಬುದಕ್ಕಿಂತ ತಣ್ಣಗಿನ ಹಾಸ್ಯ ಬೇಕೇ?

ಅದೇ ಆದಿಪರ್ವದಲ್ಲಿ, ದ್ರೌಪದಿಗೆ ಐವರು ಗಂಡಂದಿರು ಹೇಗಾಗುತ್ತಾರೆ ಎಂದು ದ್ರುಪದನಿಗೆ ಸಮಾಧಾನ ಹೇಳುವಾಗ ವ್ಯಾಸರು ಇನ್ನೊಂದು ಕತೆ ತೆಗೆಯುತ್ತಾರೆ. ನೈಮಿಷಾರಣ್ಯದಲ್ಲಿ ದೇವತೆಗಳದ್ದೊಂದು ದೊಡ್ಡ ಸತ್ರಯಾಗ. ಅದರಲ್ಲಿ ಶಾಮಿತ್ರದ ಕೆಲಸ, ಅಂದರೆ ಯಜ್ಞಪಶುವನ್ನು ಕೊಲ್ಲುವ ಕೆಲಸ, ಯಮನದ್ದು. ದೀಕ್ಷೆ ಹಿಡಿದು ಅಲ್ಲಿ ಕೂತ ಯಮ ಇತ್ತ ಮನುಷ್ಯರನ್ನು ಕೊಲ್ಲುವುದನ್ನು ನಿಲ್ಲಿಸಿದ. ಯಾರೂ ಸಾಯದೆ ಭೂಮಿ ತುಂಬಿಹೋಯಿತು. ಗಾಬರಿಯಾದದ್ದು ದೇವತೆಗಳಿಗೆ. ಬ್ರಹ್ಮನ ಹತ್ತಿರ ಹೋಗಿ, ಮರ್ತ್ಯರೂ ಅಮರರಾದರು, ನಮಗೂ ಅವರಿಗೂ ಈಗ ವ್ಯತ್ಯಾಸವೇ ಇಲ್ಲ ಎಂದು ದೂರುತ್ತಾರೆ. ಯಾಗ ಮುಗಿಯಲಿ, ಯಮ ತನ್ನ ಕೆಲಸಕ್ಕೆ ಮರಳುತ್ತಾನೆ ಎಂದು ಬ್ರಹ್ಮ ಸಮಾಧಾನ ಮಾಡಿ ಕಳಿಸುತ್ತಾನೆ. ಸಾವು ರಜೆ ಹಾಕಿದರೆ ಏನಾದೀತು ಎಂಬ ಪ್ರಶ್ನೆಯನ್ನು ಪ್ರ್ಯಾಚೆಟ್ ಒಂದಕ್ಕಿಂತ ಹೆಚ್ಚು ಕಾದಂಬರಿಗಳಲ್ಲಿ ಎತ್ತಿಕೊಂಡಿದ್ದಾರೆ. ಅವರು ಈ ಉಪಾಖ್ಯಾನ ಓದಿದ್ದರು ಎಂದು ನಾನು ಹೇಳುತ್ತಿಲ್ಲ. ಸಾವಿಗೆ ಒಂದು ಮೈಯನ್ನೂ ಒಂದು ಉದ್ಯೋಗವನ್ನೂ ಕೊಟ್ಟ ಮೇಲೆ ರಜೆಯ ಪ್ರಶ್ನೆ ತಾನಾಗಿ ಬಂದೇ ಬರುತ್ತದೆ, ಅಷ್ಟೆ.

ಇವೆಲ್ಲಕ್ಕಿಂತ ನನಗೆ ಹತ್ತಿರವಾದದ್ದು, ಅಭಿಮನ್ಯು ಸತ್ತಾಗ ಧರ್ಮರಾಯನಿಗೆ ವ್ಯಾಸರು ಹೇಳುವ ಮೃತ್ಯುವಿನ ಕತೆ. ಅಲ್ಲಿ ಮೃತ್ಯು ಹೆಣ್ಣು. ಭೂಭಾರ ಇಳಿಸುವುದಕ್ಕೆಂದು ಬ್ರಹ್ಮ ಅವಳನ್ನು ಸೃಷ್ಟಿಸಿ, ಹೋಗು, ಪ್ರಜೆಗಳನ್ನು ಸಂಹರಿಸು ಎನ್ನುತ್ತಾನೆ. ಅವಳು ಅಳುತ್ತಾಳೆ. ಒಲ್ಲೆ ಎನ್ನುತ್ತಾಳೆ. ಈ ಕೆಲಸ ತಪ್ಪಿಸಿಕೊಳ್ಳಲು ಸಾವಿರಾರು ವರ್ಷ ಒಂಟಿಕಾಲಿನಲ್ಲಿ ತಪಸ್ಸು ಮಾಡುತ್ತಾಳೆ. ಬ್ರಹ್ಮ ಅವಳ ಕಣ್ಣೀರನ್ನು ಕೈಯಲ್ಲಿ ಹಿಡಿದುಕೊಂಡಿದ್ದ. ಆ ಹನಿಗಳೇ ರೋಗಗಳಾಗಿ ಜನರನ್ನು ಕೊಲ್ಲುತ್ತವೆ, ನಿನಗೆ ಅಧರ್ಮ ತಟ್ಟುವುದಿಲ್ಲ ಎಂದು ಕೊನೆಗೆ ಅವಳನ್ನು ಒಪ್ಪಿಸುತ್ತಾನೆ. ಮಗನನ್ನು ಕಳೆದುಕೊಂಡು ಕೂತವರಿಗೆ ಹೇಳಲು ವ್ಯಾಸರು ಆರಿಸಿದ್ದು, ಕೊಲ್ಲಲು ಮನಸ್ಸಿಲ್ಲದ ಸಾವಿನ ಕತೆಯನ್ನು. ಪ್ರ್ಯಾಚೆಟ್ ಅವರ ಡೆತ್ ಹೀಗೆ ಅಳುವವನಲ್ಲ, ಕೆಲಸ ಒಲ್ಲೆ ಎನ್ನುವವನೂ ಅಲ್ಲ. ಆದರೆ ತಾನು ಕೊಯ್ಯುವ ಈ ಬದುಕು ಎಂಥದು ಎಂಬ ಕುತೂಹಲ ಅವನನ್ನು ಬಿಡುವುದಿಲ್ಲ.

ಆ ಕುತೂಹಲದಿಂದಲೇ ಅವನು ಶಿಷ್ಯನಿಗೆ ಕೆಲಸ ಒಪ್ಪಿಸಿ ಲೋಕ ನೋಡಲು ಹೊರಡುವುದು. ಒಂದು ಪಾರ್ಟಿಯಲ್ಲಿ ಜನರ ಸಾಲುಕುಣಿತಕ್ಕೆ ಸೇರಿಕೊಂಡು, ನಾವು ಹೀಗೇಕೆ ಮಾಡುತ್ತಿದ್ದೇವೆ ಎಂದು ಪಕ್ಕದವರನ್ನು ಕೇಳುತ್ತಾನೆ. ಮೀನು ಹಿಡಿಯಲು ಕೂರುತ್ತಾನೆ. ಕುಡಿದು ನೋಡುತ್ತಾನೆ. ಕೆಲಸ ಕೊಡಿಸುವ ಏಜೆಂಟನ ಮುಂದೆ ಉದ್ಯೋಗಾರ್ಥಿಯಾಗಿ ಕೂರುತ್ತಾನೆ. ಕೊನೆಗೆ ಆಂಖ್-ಮೊರ್ಪೋರ್ಕ್ ಎಂಬ ಕೊಳಕು ಮಹಾನಗರದ ಒಂದು ಹೋಟೆಲಿನಲ್ಲಿ ಅಡಿಗೆಗೆ ನಿಂತ ಮೇಲೆ ಅವನಿಗೆ ನೆಮ್ಮದಿ. ಗಿರಾಕಿ ಬಾಯಿ ಬಿಡುವ ಮೊದಲೇ ಅವನಿಗೇನು ಬೇಕೆಂದು ಈ ಅಡಿಗೆಯವನಿಗೆ ಗೊತ್ತು. ಊರಿನ ಹೆಸರೇ ದೇಶವಿಡೀ ಹೋಟೆಲಿನ ಬೋರ್ಡಾಗಿರುವಾಗ, ಉಡುಪಿಯವರಾದ ನೀವು ಈ ಭಾಗದ ಸುದ್ದಿಯನ್ನೇ ಎತ್ತದೆ ಜಗಳಕ್ಕೆ ಬಿದ್ದಿರಲ್ಲ ಮಾರಾಯ್ರೆ!

ಇನ್ನು ಹುಡುಗ. ಇಂಜಿನಿಯರಿಂಗ್ ವಿದ್ಯಾರ್ಥಿಗೆ ಇದು ಇಷ್ಟವಾದದ್ದರಲ್ಲಿ ಆಶ್ಚರ್ಯವಿಲ್ಲ. ಬಿಬಿಸಿಯವರು 2003ರಲ್ಲಿ ಬ್ರಿಟನ್ನಿನ ಓದುಗರ ಮತ ಕೇಳಿ ಅಚ್ಚುಮೆಚ್ಚಿನ ಕಾದಂಬರಿಗಳ ಪಟ್ಟಿ ಮಾಡಿದಾಗ ‘ಮಾರ್ಟ್’ 65ನೆಯ ಸ್ಥಾನದಲ್ಲಿತ್ತು. ಅವನಿಗೆ ಬರೀ ಜೋಕುಗಳು ಇಷ್ಟವಾದವೋ ಎಂದು ಕೇಳಿ ನೋಡಿ. ಜೋಕುಗಳ ಅಡಿಯಲ್ಲಿ ಮೈ ಚಳಿಯಾಗುವಂಥ ಒಂದು ಸಂಗತಿ ಇದೆ. ಪುಸ್ತಕದಲ್ಲಿ ಡೆತ್‌ನ ಮಾತಿಗೆ ಉದ್ಧರಣ ಚಿಹ್ನೆಗಳಿಲ್ಲ. ಸಣ್ಣ ಅಳತೆಯ ಕ್ಯಾಪಿಟಲ್ ಅಕ್ಷರಗಳಲ್ಲಿ ಅವು ಬೇರೆಯಾಗಿಯೇ ಅಚ್ಚಾಗಿವೆ. ಕಿವಿಗೆ ಬೀಳದೆ ನೇರ ತಲೆಯೊಳಗೆ ಇಳಿಯುವ ದನಿ ಅದು. ಮಾರ್ಟ್ ಆ ಕೆಲಸ ಮಾಡುತ್ತಾ ಮಾಡುತ್ತಾ, ಒಂದು ಹಂತದಲ್ಲಿ ಅವನ ಬಾಯಿಂದಲೂ ಅದೇ ಅಕ್ಷರಗಳಲ್ಲಿ ಮಾತು ಹೊರಡುತ್ತದೆ. ಎಲ್ಲೂ ವಿವರಣೆಯಿಲ್ಲ. ಗಮನವಿಟ್ಟು ಓದುವವರು ಥಟ್ಟನೆ ನಿಲ್ಲುತ್ತಾರೆ. ಹುದ್ದೆ ಮನುಷ್ಯನನ್ನು ನುಂಗುವುದನ್ನು ಅಚ್ಚಿನ ಮೊಳೆಯಲ್ಲೇ ತೋರಿಸಿದ ಇನ್ನೊಬ್ಬ ಹಾಸ್ಯಲೇಖಕ ನನಗೆ ಸಿಕ್ಕಿಲ್ಲ.

ಮುಕ್ತಾಯದ ಬಗ್ಗೆ ನಿಮ್ಮ ದೂರು ಸರಿ. (ಕೊನೆಯನ್ನು ಬಿಚ್ಚಿ ಹೇಳುತ್ತಿದ್ದೇನೆ. ಪುಸ್ತಕ ಓದದವರು ಇಲ್ಲಿಂದ ಮೂರು ಪ್ಯಾರಾ ಹಾರಿಸಿ ಮುಂದೆ ಹೋಗಬಹುದು.) ಸ್ಟೊ ಲ್ಯಾಟ್‌ನ ರಾಜಕುಮಾರಿ ಕೆಲಿ ಕೊಲೆಯಾಗಬೇಕಾದ ರಾತ್ರಿ ಅವಳ ಪ್ರಾಣ ಒಯ್ಯಲು ಹೋದ ಮಾರ್ಟ್, ಅವಳನ್ನು ಬಿಟ್ಟು ಕೊಲೆಗಾರನನ್ನೇ ಮುಗಿಸುತ್ತಾನೆ. ಇತಿಹಾಸ ಅದನ್ನು ಒಪ್ಪುವುದಿಲ್ಲ. ಅವಳು ಸತ್ತ ಲೋಕವೇ ನಿಜವಾಗಿ, ಅವಳು ಬದುಕಿರುವ ಲೋಕ ಅರಮನೆಯ ಸುತ್ತ ಕುಗ್ಗುತ್ತಾ ಬರುತ್ತದೆ. ಎದುರಿಗೇ ನಿಂತಿದ್ದರೂ ಜನ ಅವಳನ್ನು ಗಮನಿಸುವುದಿಲ್ಲ. ಕೊನೆಗೆ, ತಾನಿನ್ನೂ ಇದ್ದೇನೆ ಎಂದು ಪ್ರಜೆಗಳಿಗೆ ನೆನಪಿಸುವುದಕ್ಕೆಂದೇ ಅವಳು ಒಬ್ಬ ಮಾಂತ್ರಿಕನನ್ನು ಆಸ್ಥಾನದ ಕೆಲಸಕ್ಕೆ ಇಟ್ಟುಕೊಳ್ಳುತ್ತಾಳೆ. ನಿಮ್ಮ ಟೀಚರು ಪಿಂಚಣಿದಾರರಲ್ಲವೇ? ಪ್ರತಿ ನವೆಂಬರ್‌ನಲ್ಲಿ ಬ್ಯಾಂಕಿನ ಕೌಂಟರಿಗೆ ಹೋಗಿ, ನಾನು ಬದುಕಿದ್ದೇನೆ ಎಂದು ಪ್ರಮಾಣಪತ್ರ ಕೊಟ್ಟು ಬರುವವರಿಗೆ ಕೆಲಿಯ ಪಾಡು ಬೇರೆಯವರಿಗಿಂತ ಬೇಗ ಅರ್ಥವಾಗಬೇಕು. ಈ ಭಾಗವನ್ನು ಅವರ ಕೈಯಲ್ಲೇ ಗಟ್ಟಿಯಾಗಿ ಓದಿಸಿ.

ಇಷ್ಟು ಬಿಗಿಯಾಗಿ ಕಟ್ಟಿದ ಗಂಟನ್ನು ಪ್ರ್ಯಾಚೆಟ್ ಬಿಡಿಸುವ ಕ್ರಮ ನನಗೂ ತೃಪ್ತಿ ಕೊಟ್ಟಿಲ್ಲ. ಡೆತ್ ಮರಳಿ ಬರುತ್ತಾನೆ, ಗುರುಶಿಷ್ಯರ ನಡುವೆ ದ್ವಂದ್ವಯುದ್ಧವಾಗುತ್ತದೆ, ಹುಡುಗ ಸೋಲುತ್ತಾನೆ. ಅವನ ಆಯುಷ್ಯದ ಮರಳುಗಡಿಯಾರದಲ್ಲಿ ಕೊನೆಯ ಕಣಗಳು ಇಳಿಯುವ ಹೊತ್ತಿಗೆ ಡೆತ್ ಅದನ್ನು ತಲೆಕೆಳಗು ಮಾಡಿ ಇಡುತ್ತಾನೆ. ಅಲ್ಲಿಯ ತನಕ ಚೆನ್ನಾಗಿಯೇ ಇದೆ. ಆಮೇಲೆ, ದೇವರುಗಳ ಹತ್ತಿರ ಮಾತಾಡಿ ಇತಿಹಾಸವನ್ನು ಸರಿಮಾಡಿಸಿದ್ದಾಯಿತು ಎಂಬ ಅರ್ಥದ ಒಂದು ವಿವರಣೆ ಬರುತ್ತದೆ. ಇನ್ನೂರು ಪುಟ ಯಾರಿಗೂ ಬಗ್ಗದ ನಿಯಮ ಎಂದು ನಂಬಿಸಿ, ಕೊನೆಗೆ ಮೇಲಿನವರ ಶಿಫಾರಸಿನಿಂದ ಕೆಲಸ ಆಯಿತು ಎಂದರೆ ಓದುಗ ಮುನಿಸಿಕೊಳ್ಳದೆ ಇರುತ್ತಾನೆಯೇ?

ಸಾವಿತ್ರಿಯ ಕತೆಯ ಪಕ್ಕ ಇಟ್ಟರೆ ಈ ದೋಷ ಇನ್ನೂ ಸ್ಪಷ್ಟ. ಗಂಡನ ಪ್ರಾಣ ಒಂದನ್ನು ಬಿಟ್ಟು ವರ ಕೇಳು ಎನ್ನುತ್ತಾನೆ ಯಮ. ಅವಳು ಮಾವನ ಕಣ್ಣು ಕೇಳುತ್ತಾಳೆ, ಕಳೆದುಹೋದ ರಾಜ್ಯ ಕೇಳುತ್ತಾಳೆ, ತಂದೆಗೆ ನೂರು ಮಕ್ಕಳನ್ನು ಕೇಳುತ್ತಾಳೆ, ಆಮೇಲೆ ತನಗೆ ಸತ್ಯವಾನನಿಂದ ನೂರು ಮಕ್ಕಳನ್ನು ಕೇಳುತ್ತಾಳೆ. ತಥಾಸ್ತು ಎಂದಾಗಿದೆ. ಗಂಡನನ್ನು ಕೊಡದಿದ್ದರೆ ಯಮನ ಮಾತೇ ಸುಳ್ಳಾಗುತ್ತದೆ. ಇಲ್ಲಿ ಮುಕ್ತಾಯ ಮೇಲಿನಿಂದ ಇಳಿದು ಬಂದದ್ದಲ್ಲ, ಯಮನ ನಿಯಮವೇ ಯಮನನ್ನು ಕಟ್ಟಿದ್ದು. ತಾಳಮದ್ದಳೆಯಲ್ಲಿ ಈ ಸಂವಾದ ಗಂಟೆಗಟ್ಟಲೆ ಬೆಳೆದರೂ ಜನ ಏಳದೆ ಕೂರುವುದು ಅದಕ್ಕೇ. ಯಾರ ಕೃಪೆಯೂ ಇಲ್ಲದೆ, ಮಾತಿಗೆ ಮಾತು ಕೂಡಿ ಲೆಕ್ಕ ಇತ್ಯರ್ಥವಾಗುತ್ತದೆ. ಪ್ರ್ಯಾಚೆಟ್ ಅವರ ಪರವಾಗಿಯೂ ಒಂದು ಮಾತು ಹೇಳಬೇಕು. 41 ಕಾದಂಬರಿಗಳಿಗೆ ಬೆಳೆದ ಡಿಸ್ಕ್‌ವರ್ಲ್ಡ್ ಸರಣಿಯಲ್ಲಿ ಇದು ನಾಲ್ಕನೆಯದು, 1987ರದ್ದು. ಮೊದಲ ಕೃತಿಗಳಲ್ಲಿ ಜೋಕಿನ ಬೆನ್ನು ಹತ್ತಿದ್ದ ಲೇಖಕ ಕತೆಯ ಕಟ್ಟಡಕ್ಕೆ ಗಮನ ಕೊಡಲು ತೊಡಗಿದ್ದು ಸುಮಾರಾಗಿ ಇಲ್ಲಿಂದ. ಗೋಡೆ ಗಟ್ಟಿಯಾಗಿದೆ, ಮಾಡು ಸ್ವಲ್ಪ ಸೋರುತ್ತದೆ.

ತಾಯಿಯನ್ನು ಕಳೆದುಕೊಂಡವರ ವಿಷಯಕ್ಕೆ ಬರುತ್ತೇನೆ. ಅವರಿಗೆ ನನ್ನ ಮೊದಲ ಮಾತು: ಪುಸ್ತಕ ನಿಲ್ಲಿಸಿದ್ದು ತಪ್ಪಲ್ಲ. ಓದಿ ಮುಗಿಸಲೇಬೇಕೆಂದು ಕೂಟದವರು ಒತ್ತಾಯ ಮಾಡಬೇಡಿ. ಸಾವಿನ ಮನೆಯಲ್ಲಿ ನಕ್ಕರೆ ಪಾಪ ಎಂದು ಅವರಿಗೆ ಅನಿಸಿದ್ದರೆ ಮಾತ್ರ ತುಳುನಾಡಿನ ಆಟಿ ತಿಂಗಳನ್ನು ನೆನಪಿಸಿ. ಸತ್ತ ಹಿರಿಯರಿಗೆ, ಅಂದರೆ ಕುಲೆಗಳಿಗೆ, ಮನೆಯೊಳಗೆ ಎಲೆ ಹಾಕಿ ಬಡಿಸುವ ತಿಂಗಳು ಅದು. ಮದುವೆಯಾಗದೆ ಹೋದ ಮಕ್ಕಳಿಗೆ ಎರಡು ಮನೆಯವರು ಕೂತು ಸಂಬಂಧ ಮಾತಾಡಿ, ಬಳಿ, ಅಂದರೆ ಕುಲ, ನೋಡಿ, ಪ್ರೇತಮದುವೆ ಮಾಡುವುದೂ ಸಾಮಾನ್ಯವಾಗಿ ಆಗಲೇ. ಹುಡುಗನ ಕಡೆಯವರು ಹುಡುಗಿಯ ಕಡೆಯವರು ಎಂಬ ಚೌಕಾಸಿ, ಉಪಚಾರ, ಕೊಂಕು ಎಲ್ಲ ಇರುತ್ತದೆ. ಒಂದೇ ಚಾವಡಿಯಲ್ಲಿ ನಗುವವರೂ ಇರುತ್ತಾರೆ, ಸೆರಗಿನಲ್ಲಿ ಕಣ್ಣೊರೆಸುವವರೂ ಇರುತ್ತಾರೆ. ಯಾರೂ ಯಾರನ್ನೂ ಗದರುವುದಿಲ್ಲ.

ಎರಡನೆಯ ಮಾತು ಲೇಖಕರ ಬದುಕಿನದ್ದು. ಸಾಯುವ ಹೊತ್ತಿನಲ್ಲಿರುವ ಕೆಲವು ಓದುಗರು ಪ್ರ್ಯಾಚೆಟ್ ಅವರಿಗೆ ಪತ್ರ ಬರೆಯುತ್ತಿದ್ದರು. ನಮ್ಮನ್ನು ಕರೆಯಲು ಬರುವವನು ನಿಮ್ಮ ಪುಸ್ತಕದ ಡೆತ್‌ನಂತೆ ಇದ್ದರೆ ಸಾಕು ಎಂದು. ಅಂಥ ಪತ್ರ ಬಂದ ದಿನ ತಾನು ಗೋಡೆ ನೋಡುತ್ತಾ ಕೂರುತ್ತೇನೆ ಎಂದು ಅವರು ಹೇಳಿಕೊಂಡಿದ್ದರು. 2007ರಲ್ಲಿ ಅವರಿಗೇ ಅಲ್‌ಝೈಮರ್ಸ್‌ನ ಒಂದು ಅಪರೂಪದ ಬಗೆ ಇರುವುದು ಗೊತ್ತಾಯಿತು. ಟೈಪ್ ಮಾಡಲು ಆಗದಾದಾಗ ಬಾಯಲ್ಲಿ ಹೇಳಿ ಬರೆಸಿದರು. 2015ರ ಮಾರ್ಚ್ 12ರಂದು ತೀರಿಕೊಂಡರು. ಆ ಸುದ್ದಿಯನ್ನು ಅವರ ಟ್ವಿಟರ್ ಖಾತೆಯಲ್ಲಿ ಲೋಕಕ್ಕೆ ತಿಳಿಸಿದ್ದು ಡೆತ್‌ನ ದನಿಯಲ್ಲೇ, ಅದೇ ದೊಡ್ಡಕ್ಷರಗಳಲ್ಲಿ: ಇನ್ನು ನಾವು ಜೊತೆಯಾಗಿ ನಡೆಯೋಣ ಎಂಬ ಅರ್ಥದಲ್ಲಿ. ಹಗುರ ಮನಸ್ಸಿನಿಂದ ಸಾವನ್ನು ಜೋಕು ಮಾಡಿದವರ ಮನೆಯಲ್ಲಿ ಆ ಹೊತ್ತಿಗೆ ಆ ದನಿ ನೆನಪಾಗುತ್ತಿರಲಿಲ್ಲ ಎಂದು ನನ್ನ ಅಭಿಪ್ರಾಯ.

ತಾಯಿಯನ್ನು ಕಳೆದುಕೊಂಡವರಿಗೆ ಕೊಡಬಹುದಾದ ಪುಸ್ತಕ ಬೇರೆ ಇದೆ: 1991ರ ‘ರೀಪರ್ ಮ್ಯಾನ್’. ಇದರಲ್ಲಿ ಡೆತ್ ಕೆಲಸದಿಂದ ತೆಗೆದುಹಾಕಲ್ಪಟ್ಟವನು. ಅವನ ಆಯುಷ್ಯಕ್ಕೂ ಒಂದು ಮರಳುಗಡಿಯಾರ ಬಂದಿದೆ, ಮರಳು ಇಳಿಯುತ್ತಿದೆ. ಬಿಲ್ ಡೋರ್ ಎಂಬ ಹೆಸರಿಟ್ಟುಕೊಂಡು, ಮಿಸ್ ಫ್ಲಿಟ್‌ವರ್ತ್ ಎಂಬ ಒಂಟಿ ಮುದುಕಿಯ ಹೊಲದಲ್ಲಿ ಕೂಲಿಗೆ ಸೇರುತ್ತಾನೆ. ಪೈರನ್ನು ಹಿಡಿಹಿಡಿಯಾಗಿ ಕೊಯ್ಯುವುದು ಬಿಟ್ಟು ಒಂದೊಂದೇ ದಂಟನ್ನು ಕೊಯ್ಯುತ್ತಾನೆ, ಅಷ್ಟೇ ಬೇಗ. ಒಂದೊಂದು ಜೀವಕ್ಕೂ ಬೇರೆಬೇರೆ ಲೆಕ್ಕ ಇಟ್ಟು ರೂಢಿಯಾದವನಲ್ಲವೇ! ಆ ಮುದುಕಿಗೆ ಮದುವೆಗೆ ಮುಂಚೆಯೇ ಗಂಡು ಇಲ್ಲವಾದ ಹಳೆಯ ದುಃಖವೊಂದಿದೆ. ಅವರಿಬ್ಬರ ಮಾತುಕತೆಯಲ್ಲಿ ದುಃಖವೂ ತಮಾಷೆಯೂ ಒಂದನ್ನೊಂದು ತಳ್ಳದೆ ಕೂರುತ್ತವೆ. ಇತ್ತ ನಗರದಲ್ಲಿ ಸತ್ತವರು ಸಾಯಲಾಗದೆ ಓಡಾಡುವ ಇನ್ನೊಂದು ಕತೆ ನಡೆಯುತ್ತಿರುತ್ತದೆ, ನೈಮಿಷಾರಣ್ಯದ ಸತ್ರಯಾಗದ ಫಲವೇ ಅನ್ನಿ. ನನ್ನ ರುಚಿಗೆ ಆ ಭಾಗ ಉದ್ದವಾಯಿತು, ಗದ್ದಲವೂ ಜಾಸ್ತಿ. ಮನಸ್ಸು ಭಾರವಾಗಿರುವವರು ಅದನ್ನು ಸರಸರ ದಾಟಿ ಹೊಲದ ಪುಟಗಳನ್ನೇ ಓದಲಿ. ಒಂದು ಎಚ್ಚರಿಕೆ: ಸುಗ್ಗಿಯ ಕುಣಿತದ ಭಾಗ ಬಂದಾಗ ಅವರು ಒಬ್ಬರೇ ಮನೆಯಲ್ಲಿ ಕೂತು ಓದುವುದು ಒಳ್ಳೆಯದು, ಬಸ್ಸಿನಲ್ಲಿ ಬೇಡ.

ಉಳಿದವರಿಗೆ ಮುಂದಿನ ದಾರಿ ಸುಲಭ. ‘ರೀಪರ್ ಮ್ಯಾನ್’ ಆದಮೇಲೆ ಮಾರ್ಟ್‌ನ ಮಗಳು ಸೂಸನ್ ಅಜ್ಜನಾದ ಡೆತ್‌ನ ಕೆಲಸ ಹೊರಬೇಕಾಗಿ ಬರುವ ‘ಸೋಲ್ ಮ್ಯೂಸಿಕ್’ (1994), ಆಮೇಲೆ ‘ಹಾಗ್‌ಫಾದರ್’ (1996). ಎರಡರಲ್ಲಿ ಒಂದಕ್ಕೇ ಸಮಯವಿದ್ದರೆ ‘ಹಾಗ್‌ಫಾದರ್’ ಆರಿಸಿ. ಮನುಷ್ಯರಿಗೆ ಸುಳ್ಳುಸುಳ್ಳು ನಂಬಿಕೆಗಳು ಯಾಕೆ ಬೇಕು ಎಂದು ಅಜ್ಜ ಮೊಮ್ಮಗಳಿಗೆ ಅದರ ಕೊನೆಯಲ್ಲಿ ಹೇಳುವ ಮಾತಿಗೆ ನಿಮ್ಮ ಕೂಟದಲ್ಲಿ ಇದಕ್ಕಿಂತ ದೊಡ್ಡ ಜಗಳ ಆಗುವುದು ಖಂಡಿತ. ಸರಣಿಯ ಮೊದಲನೆಯದಾದ 1983ರ ‘ದ ಕಲರ್ ಆಫ್ ಮ್ಯಾಜಿಕ್’ನಿಂದ ಶುರು ಮಾಡೋಣ ಎಂದು ಇಂಜಿನಿಯರಿಂಗ್ ಹುಡುಗ ಹಠ ಹಿಡಿದಾನು, ಒಪ್ಪಬೇಡಿ. ಅದರಲ್ಲಿ ಬರುವ ಡೆತ್‌ಗೆ ಇನ್ನೂ ಈ ಸ್ವಭಾವ ಕೂಡಿಬಂದಿಲ್ಲ, ಸ್ವಲ್ಪ ಕಿಡಿಗೇಡಿಯೇ. ಟೀಚರು ಅದನ್ನು ಮೊದಲು ಓದಿದರೆ ಅವರ ಆಕ್ಷೇಪಕ್ಕೆ ನನ್ನ ಹತ್ತಿರವೂ ಉತ್ತರ ಇರಲಾರದು.